ಫಲಿತಾಂಶ ಬರುವ ತನಕದ ಖರ್ಚು

ಕಾಲೇಜು ಅಧ್ಯಾಪಕ ಹುದ್ದೆಗೂ ಸಂಶೋಧನೆಗೂ ಅರ್ಹತೆ ಕೊಡುವ ಯುಜಿಸಿ-ನೆಟ್ ಪರೀಕ್ಷೆಯ ಅರ್ಜಿಗೆ ಸಾಮಾನ್ಯ ವರ್ಗದವರು ಕಟ್ಟುವುದು 1,150 ರೂಪಾಯಿ. ಒಬಿಸಿ ಮತ್ತು ಇಡಬ್ಲ್ಯುಎಸ್‌ನವರಿಗೆ 600. ಪರಿಶಿಷ್ಟ ಜಾತಿ, ಪಂಗಡ, ಅಂಗವಿಕಲರು ಹಾಗೂ ತೃತೀಯ ಲಿಂಗಿಗಳಿಗೆ 325. ಮಗನೋ ಮಗಳೋ ಪಿಎಚ್‌.ಡಿ.ಗೆ ಹೊರಟ ಮನೆಯಲ್ಲಿ ಖರ್ಚೆಷ್ಟು ಎಂದು ಕೇಳಿದರೆ ಮೊದಲು ಸಿಗುವ ಉತ್ತರ ಇದು. ಪರೀಕ್ಷೆ ಬರೆದು ಬಂದ ದಿನದಿಂದ ಫಲಿತಾಂಶದ ದಿನದವರೆಗೆ ಕೈಬಿಟ್ಟು ಹೋಗುವ ಹಣವನ್ನು ಯಾರೂ ಬರೆದಿಡುವುದಿಲ್ಲ. ಈ ಸಲ ಬರೆದು ನೋಡೋಣ.

ಮೊದಲು, ಇಷ್ಟೊಂದು ಜನ ಕಾಯುವುದು ಎಷ್ಟರ ಆಸೆಗೆ ಎಂಬುದು ಗೊತ್ತಿರಲಿ. ಜೆಆರ್‌ಎಫ್ (ಈ ಪರೀಕ್ಷೆಯ ಮೂಲಕ ಸಿಗುವ ಕಿರಿಯ ಸಂಶೋಧನಾ ಫೆಲೊಶಿಪ್) ಸಿಕ್ಕವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೊಶಿಪ್) ಆದಮೇಲೆ 42,000. ಇವು 2023ರ ಜನವರಿ 1ರಿಂದ ಬಂದ ದರ. ಅದಕ್ಕೆ ಮುಂಚೆ 31,000 ಮತ್ತು 35,000 ಇತ್ತು. ಎರಡು ವರ್ಷಕ್ಕೆ 8,88,000, ಮುಂದಿನ ಮೂರು ವರ್ಷಕ್ಕೆ 15,12,000. ಐದು ವರ್ಷಕ್ಕೆ ಸರಿಯಾಗಿ 24 ಲಕ್ಷ ರೂಪಾಯಿ. ಮನೆಬಾಡಿಗೆ ಭತ್ಯೆ ಬೇರೆ. ಹಳ್ಳಿಯಿಂದ ಬಂದು ಎಂ.ಎ. ಮುಗಿಸಿದ ಹುಡುಗಿಯೊಬ್ಬಳು ಇನ್ನೊಂದೈದು ವರ್ಷ ಓದುತ್ತೇನೆ ಎಂದು ಮನೆಯವರೆದುರು ಗಟ್ಟಿಯಾಗಿ ಹೇಳಬೇಕಾದರೆ ಅವಳ ಬೆನ್ನಿಗೆ ಇರುವುದು ಈ 24 ಲಕ್ಷ.

ಇನ್ನು 2024ರ ಜೂನ್ ಸುತ್ತನ್ನು ತೆಗೆದುಕೊಳ್ಳಿ. ಹೆಸರು ನೋಂದಾಯಿಸಿದವರು 11,21,225 ಜನ. ಎಲ್ಲರೂ ಅತಿ ಕಡಿಮೆ ಶುಲ್ಕವನ್ನೇ ಕಟ್ಟಿದ್ದಾರೆ ಎಂದುಕೊಂಡರೂ ಜಮೆಯಾದದ್ದು 36 ಕೋಟಿ 44 ಲಕ್ಷ; ನಿಜವಾದ ಮೊತ್ತ ಇದಕ್ಕಿಂತ ಸಾಕಷ್ಟು ಹೆಚ್ಚೇ ಇರಬೇಕು. ಜೂನ್ 18ರಂದು ದೇಶದ 317 ನಗರಗಳ 1,205 ಕೇಂದ್ರಗಳಲ್ಲಿ 9,08,580 ಜನ ಪರೀಕ್ಷೆ ಬರೆದರು. ಮರುದಿನ ರಾತ್ರಿ ಪರೀಕ್ಷೆ ರದ್ದಾಯಿತು. ಪ್ರಶ್ನೆಪತ್ರಿಕೆ ಸೋರಿರಬಹುದು ಎಂಬ ಮಾಹಿತಿ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ವಿಭಾಗದಿಂದ ಬಂದಿತ್ತು. ಸೋರಿಕೆಗೆ ಸಾಕ್ಷಿ ಎಂದು ಓಡಾಡಿದ ಚಿತ್ರವೇ ತಿದ್ದಿದ್ದು ಎಂದು ಸಿಬಿಐ ತನಿಖೆಯಲ್ಲಿ ಕಂಡುಬಂದದ್ದು ಆಮೇಲಿನ ಮಾತು. ಮರುಪರೀಕ್ಷೆ ನಡೆದದ್ದು ಆಗಸ್ಟ್ 21ರಿಂದ ಸೆಪ್ಟೆಂಬರ್ 4ರವರೆಗೆ, ಈ ಸಲ ಕಂಪ್ಯೂಟರಿನಲ್ಲಿ. ಫಲಿತಾಂಶ ಅಕ್ಟೋಬರ್ 17ಕ್ಕೆ. ಮೊದಲ ಪರೀಕ್ಷೆಯಿಂದ ಲೆಕ್ಕ ಹಾಕಿದರೆ 121 ದಿನ. ಇದರ ಹಿಂದಿನ ಸುತ್ತು, 2023ರ ಡಿಸೆಂಬರ್‌ನದು, ಡಿಸೆಂಬರ್ 19ಕ್ಕೆ ಮುಗಿದು ಜನವರಿ 19ಕ್ಕೆ ಫಲಿತಾಂಶ ಕೊಟ್ಟಿತ್ತು. ಅಂದರೆ ಒಂದು ತಿಂಗಳಲ್ಲಿ ಆಗುವ ಕೆಲಸ ಅದು.

ಮರುಪರೀಕ್ಷೆಗೆ ಹಾಜರಾದವರು 6,84,224. ಮೊದಲ ಸಲಕ್ಕಿಂತ 2,24,356 ಕಡಿಮೆ! ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಬಾಯಿಬಿಟ್ಟು ಮಾತಾಡುವ ಸಂಖ್ಯೆ ಇದೊಂದೇ. ಹಾಜರಾತಿ ಶೇ. 81ರಿಂದ 61ಕ್ಕೆ ಇಳಿಯಿತು. ಇವರೆಲ್ಲ ಎಲ್ಲಿಗೆ ಹೋದರು ಎಂದು ಯಾವ ಪ್ರಕಟಣೆಯೂ ಹೇಳಲಿಲ್ಲ. ಕೆಲಸಕ್ಕೆ ಸೇರಿದವರು, ಮದುವೆಯಾಗಿ ಊರು ಬಿಟ್ಟವರು, ರಜೆ ಸಿಗದವರು, ಈ ಪರೀಕ್ಷೆಯ ಸಹವಾಸವೇ ಬೇಡ ಎಂದವರು, ಎಲ್ಲರೂ ಅದರಲ್ಲಿ ಇದ್ದಾರು. ಹೊಸದಾಗಿ ಶುಲ್ಕ ಕೇಳಲಿಲ್ಲ, ನಿಜ. ಆದರೆ ಕೇಂದ್ರಕ್ಕೆ ಹೋಗಿಬರುವ ಖರ್ಚು ಎರಡನೇ ಸಲವೂ ಅಭ್ಯರ್ಥಿಯದೇ. ತಲೆಗೆ ಬರೀ 500 ರೂಪಾಯಿ ಹಿಡಿದರೂ ಎರಡನೇ ಸಲ ಬಂದವರು ಸುರಿದದ್ದು 34 ಕೋಟಿ ದಾಟುತ್ತದೆ. ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಬಸ್ಸಿನ ಟಿಕೆಟ್ ಉಳಿದಿರಬಹುದು. ಹಿಂದಿನ ರಾತ್ರಿಯ ಲಾಡ್ಜ್ ಬಾಡಿಗೆ ಉಳಿಯುವುದಿಲ್ಲ, ಜೊತೆಗೆ ಬಂದ ಅಣ್ಣನದೋ ಅಪ್ಪನದೋ ಟಿಕೆಟ್ಟೂ ಉಳಿಯುವುದಿಲ್ಲ.

ಈಗ ಒಬ್ಬರ ಲೆಕ್ಕ. ಧಾರವಾಡದ ಸಪ್ತಾಪುರದಲ್ಲಿ ಓಡಾಡಿದವರಿಗೆ ಗೊತ್ತು: ಒಂದೊಂದು ಕೋಣೆಯಲ್ಲಿ ಇಬ್ಬರು ಮೂವರು, ಕೆಳಗಡೆ ಖಾನಾವಳಿ, ಎದುರಿಗೆ ಗಂಟೆಗಟ್ಟಲೆ ಕೂರಲು ರೀಡಿಂಗ್ ರೂಮು, ಗೋಡೆಯ ತುಂಬ ಕೋಚಿಂಗ್ ಬೋರ್ಡು. ಕೋಣೆಯ ಪಾಲು, ಊಟ, ರೀಡಿಂಗ್ ರೂಮು ಎಲ್ಲ ಸೇರಿ ತಿಂಗಳಿಗೆ 7,000 ರೂಪಾಯಿ ಎಂದು ಹಿಡಿಯೋಣ. ಆ ನಾಲ್ಕು ತಿಂಗಳಿಗೆ 28,000. ಅರ್ಜಿ ಶುಲ್ಕದ 24 ಪಟ್ಟು. ಇದರ ನಡುವೆ ಕೀ ಉತ್ತರ ಪ್ರಕಟವಾಗುತ್ತದೆ. ಉತ್ತರ ತಪ್ಪಿದೆ ಎನಿಸಿದರೆ ಆಕ್ಷೇಪಣೆ ಹಾಕಬಹುದು, ಪ್ರತಿ ಪ್ರಶ್ನೆಗೆ 200 ರೂಪಾಯಿ, ವಾಪಸ್ ಇಲ್ಲ. ಆರು ಪ್ರಶ್ನೆಗೆ ಆಕ್ಷೇಪಣೆ ಹಾಕಿದರೆ 1,200, ಇಡೀ ಪರೀಕ್ಷೆಯ ಶುಲ್ಕಕ್ಕಿಂತ 50 ರೂಪಾಯಿ ಜಾಸ್ತಿ. ಪರೀಕ್ಷೆ ನಡೆಸಿದವರ ತಪ್ಪನ್ನು ತೋರಿಸಿಕೊಟ್ಟವರೇ ದುಡ್ಡು ಕಟ್ಟುವ ಈ ಏರ್ಪಾಡು ಯಾವ ನ್ಯಾಯ ಎಂದು ನನಗೆ ಅರ್ಥವಾಗಿಲ್ಲ.

ಕಾದವರಿಗೆ ಸಿಕ್ಕಿದ್ದೇನು? ಜೆಆರ್‌ಎಫ್ 4,970 ಜನಕ್ಕೆ, ಅಂದರೆ ಬರೆದ 138 ಜನರಲ್ಲಿ ಒಬ್ಬರಿಗೆ. ಸಹಾಯಕ ಪ್ರಾಧ್ಯಾಪಕ ಹುದ್ದೆ ಮತ್ತು ಪಿಎಚ್‌.ಡಿ. ಎರಡಕ್ಕೂ ಅರ್ಹರಾದವರು 53,694. ಬರೀ ಪಿಎಚ್‌.ಡಿ. ಪ್ರವೇಶಕ್ಕೆ ಅರ್ಹರಾದವರು 1,12,070. ಈ ಕೊನೆಯ ಗುಂಪಿನವರ ಪಾಡು ವಿಚಿತ್ರ. 2024ರಲ್ಲಿ ಬಂದ ಹೊಸ ನಿಯಮದಂತೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಅಂಕದ ಆಯುಸ್ಸು ಒಂದೇ ವರ್ಷ. ಅಷ್ಟರೊಳಗೆ ಯಾವುದಾದರೂ ವಿಶ್ವವಿದ್ಯಾಲಯ ಅಧಿಸೂಚನೆ ಹೊರಡಿಸಬೇಕು, ಸಂದರ್ಶನಕ್ಕೆ ಕರೆಯಬೇಕು, ಗೈಡ್ ಬಳಿ ಸೀಟು ಖಾಲಿ ಇರಬೇಕು. ಇಲ್ಲದಿದ್ದರೆ ಮತ್ತೆ ಮೊದಲಿನಿಂದ.

ಗೆದ್ದ 4,970 ಜನರೂ ಬಚಾವಾಗಲಿಲ್ಲ. ಒಂದು ತಿಂಗಳಲ್ಲಿ ಬರಬೇಕಾದ ಫಲಿತಾಂಶ ನಾಲ್ಕು ತಿಂಗಳಾಯಿತು ಎಂದರೆ ಒಬ್ಬೊಬ್ಬರಿಗೆ ಮೂರು ತಿಂಗಳ 1,11,000 ರೂಪಾಯಿ, ಒಟ್ಟು 55 ಕೋಟಿ 17 ಲಕ್ಷ. ಹಣ ಕಳೆದುಹೋಗಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೆ ಎಂದು ಲೆಕ್ಕಿಗರು ಹೇಳಬಹುದು. ಆ ಮೂರು ತಿಂಗಳ ಬಾಡಿಗೆಯನ್ನು ಮನೆ ಮಾಲೀಕರು ಮುಂದಕ್ಕೆ ಹಾಕಲಿಲ್ಲವಲ್ಲ. ಸೇರಿದ ಮೇಲೂ ಕಾಯುವುದು ತಪ್ಪುವುದಿಲ್ಲ. ಯುಜಿಸಿ ಫೆಲೊಶಿಪ್ ಹಣ ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ಬರುವ ವ್ಯವಸ್ಥೆಯಲ್ಲಿ ವಿಶ್ವವಿದ್ಯಾಲಯದ ಒಬ್ಬರು ವಿವರ ತುಂಬಬೇಕು, ಇನ್ನೊಬ್ಬರು ಒಪ್ಪಿಗೆ ಒತ್ತಬೇಕು, ತಿಂಗಳು ತಿಂಗಳೂ. ಅವರಲ್ಲೊಬ್ಬರು ರಜೆ ಹಾಕಿದರೆ ಆ ತಿಂಗಳ 37,000 ನಿಂತಿತು.

ವಿದೇಶಕ್ಕೆ ಅರ್ಜಿ ಹಾಕುವವರ ಲೆಕ್ಕ ಬೇರೆ ಥರ. ಅಲ್ಲಿ ಕಾಯುವ ಮೊದಲೇ ಜೇಬು ಖಾಲಿ. ಅಮೆರಿಕದ ಪಿಎಚ್‌.ಡಿ.ಗೆ ಅರ್ಜಿ ಶುಲ್ಕ ಪ್ರಿನ್ಸ್‌ಟನ್‌ನಲ್ಲಿ 75 ಡಾಲರ್, ಹಾರ್ವರ್ಡ್‌ನಲ್ಲಿ 105, ಸ್ಟ್ಯಾನ್‌ಫರ್ಡ್‌ನಲ್ಲಿ 125, ಬರ್ಕ್‌ಲಿಯಲ್ಲಿ ಹೊರದೇಶದವರಿಗೆ 155. ಸರಾಸರಿ 100 ಡಾಲರಿನಂತೆ ಹತ್ತು ಕಡೆ ಹಾಕಿದರೆ, ಡಾಲರಿಗೆ 88 ರೂಪಾಯಿ ಹಿಡಿದು, 88,000. ಜಿಆರ್‌ಇ ಸುಮಾರು 22,000, ಟೋಫೆಲ್ ಸುಮಾರು 17,000. ಜಿಆರ್‌ಇ ಅಂಕಪಟ್ಟಿ ನಾಲ್ಕು ಕಡೆಗೆ ಉಚಿತ. ಉಳಿದ ಆರಕ್ಕೆ ತಲಾ 35 ಡಾಲರ್, ಅಂದರೆ 18,480. ಎಲ್ಲ ಸೇರಿ 1,45,480 ರೂಪಾಯಿ. ಒಬ್ಬ ಜೆಆರ್‌ಎಫ್ ವಿದ್ಯಾರ್ಥಿಯ ಸುಮಾರು ನಾಲ್ಕು ತಿಂಗಳ ಹಣ. ಈಗ ಎಷ್ಟೋ ವಿಭಾಗಗಳು ಜಿಆರ್‌ಇ ಕೇಳುವುದನ್ನೇ ಬಿಟ್ಟಿವೆ. ಹಾಗಿದ್ದಲ್ಲಿ 40,000 ಉಳಿಯಿತು. ಆಮೇಲೆ ಸೀಟು ಸಿಕ್ಕವರಿಗೆ ವಿದೇಶಿ ವಿದ್ಯಾರ್ಥಿಗಳ ನೋಂದಣಿಯ ಸೆವಿಸ್ ಶುಲ್ಕ 350 ಮತ್ತು ವೀಸಾ ಶುಲ್ಕ 185 ಡಾಲರ್, ಒಟ್ಟು 47,080 ರೂಪಾಯಿ. 2025ರ ಜನವರಿಯಲ್ಲಿ ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್ ಬಂತಾದರೂ ಆಗ ವೀಸಾ ಸೇವೆ ಇರಲಿಲ್ಲ, ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಓಡಬೇಕಿತ್ತು.

ಡಿಸೆಂಬರಿನಲ್ಲಿ ಹಾಕಿದ ಅರ್ಜಿಗೆ ಉತ್ತರ ಬರಲು ಏಪ್ರಿಲ್ ಆಗಲೂಬಹುದು. ಆರ್ಥಿಕ ನೆರವಿನೊಂದಿಗೆ ಸೀಟು ಸಿಕ್ಕವರು ಏಪ್ರಿಲ್ 15ರ ತನಕ ಉತ್ತರ ಕೊಡಬೇಕಾಗಿಲ್ಲ ಎಂದು ಅಲ್ಲಿನ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿವೆ. ಆರಿಸಿಕೊಳ್ಳುವವರಿಗೆ ಇದು ಒಳ್ಳೆಯದು. ಆದರೆ ಒಬ್ಬರು ನಾಲ್ಕು ಸೀಟು ಹಿಡಿದು ಕೂತರೆ, ಮೂರು ಕಡೆ ವೇಟಿಂಗ್ ಲಿಸ್ಟಿನ ಮೂವರು ಅಲ್ಲಾಡದೆ ನಿಂತಿರುತ್ತಾರೆ. ನಮ್ಮವರಲ್ಲಿ ಹೆಚ್ಚಿನವರು ಸ್ವಂತ ಖರ್ಚಿನಲ್ಲಿ ಎಂ.ಎಸ್. ಮಾಡುವವರು, ಅವರಿಗೆ ಈ ರಕ್ಷಣೆಯೂ ಇಲ್ಲ, ಮುಂಗಡ ಕಟ್ಟಿ ಎಂಬ ಪತ್ರ ಅದಕ್ಕೂ ಮುಂಚೆ ಬರಬಹುದು.

ಸಿಕ್ಕ ಮೇಲೆ ತಪ್ಪಿದ್ದೂ ಉಂಟು. 2025ರ ಮಾರ್ಚ್‌ನಲ್ಲಿ, ಅಮೆರಿಕದ ಒಕ್ಕೂಟ ಸರ್ಕಾರದ ಅನುದಾನ ಅನಿಶ್ಚಿತವಾದಾಗ, ಯುಮಾಸ್ ಚಾನ್ ವೈದ್ಯಕೀಯ ಸಂಸ್ಥೆ ಆಗಲೇ ಕೊಟ್ಟಿದ್ದ ಪಿಎಚ್‌.ಡಿ. ಸೀಟುಗಳನ್ನು ಹಿಂದಕ್ಕೆ ಪಡೆಯಿತು. ಅಲ್ಲಿನ ಎನ್‌ಎಸ್‌ಎಫ್ (ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ) ಪದವೀಧರ ಫೆಲೊಶಿಪ್‌ಗೆ 2,300 ಜನರನ್ನು ಆರಿಸುವ ಅಂದಾಜು ಅಧಿಸೂಚನೆಯಲ್ಲಿತ್ತು; ಏಪ್ರಿಲ್‌ನಲ್ಲಿ ಪಟ್ಟಿ ಬಂದಾಗ ಇದ್ದದ್ದು 1,000. ಜೂನ್‌ನಲ್ಲಿ ಇನ್ನೂ 500 ಸೇರಿಸಿದರು. ವರ್ಷಕ್ಕೆ 37,000 ಡಾಲರಿನ ಈ ಫೆಲೊಶಿಪ್ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ, ಹಾಗಾಗಿ ಇದರ ಬಿಸಿ ತಟ್ಟುವುದು ಅಲ್ಲೇ ಹುಟ್ಟಿಬೆಳೆದ ಕನ್ನಡಿಗರ ಮಕ್ಕಳಿಗೆ. ನಮ್ಮ ಕೇಂದ್ರ ಸರ್ಕಾರವೂ ಹಿಂದೆ ಬಿದ್ದಿಲ್ಲ. ಮುಖ್ಯವಾಗಿ ಪರಿಶಿಷ್ಟ ಜಾತಿಯವರಿಗಾಗಿ ಇರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ 125 ಸ್ಥಾನಗಳಿವೆ. 2025ರಲ್ಲಿ ಆಯ್ಕೆಯಾದವರು 106. ಮೊದಲಿಗೆ ಪತ್ರ ಸಿಕ್ಕಿದ್ದು 40 ಜನಕ್ಕೆ. ಹಣ ಬಂದರೆ ನೋಡೋಣ ಎಂದು ಉಳಿದ 66 ಜನರನ್ನು ಕೂರಿಸಿದರು, ಅದೂ ಹೊರದೇಶದಲ್ಲಿ ತರಗತಿ ಶುರುವಾಗುವ ಹೊತ್ತಿಗೆ.

ನೆಟ್ ಅಧಿಸೂಚನೆಯಲ್ಲಿ ಅರ್ಜಿಯ ಕೊನೆಯ ದಿನ ಹಾಕುವಂತೆ ಫಲಿತಾಂಶದ ಕೊನೆಯ ದಿನವನ್ನೂ ಹಾಕಲಿ. ಆಕ್ಷೇಪಣೆ ಸರಿಯಿದ್ದರೆ ಆ 200 ರೂಪಾಯಿ ವಾಪಸ್ ಕೊಡಲಿ. ಇವೆರಡಕ್ಕೆ ಹೊಸ ಕಾನೂನು ಬೇಕಿಲ್ಲ. ಅಮೆರಿಕದಲ್ಲಿ ಎರಡು ಮೂರು ಸೀಟು ಸಿಕ್ಕವರು ಬೇಡವಾದದ್ದನ್ನು ಮಾರ್ಚ್‌ನಲ್ಲೇ ಬಿಟ್ಟುಕೊಡಿ, ಒಂದು ಇಮೇಲ್ ಸಾಕು. ಇನ್ನು ಮುಂದಿನ ನೆಟ್‌ಗೆ ಅರ್ಜಿ ತುಂಬುವವರು ಶುಲ್ಕದ ಪಕ್ಕದಲ್ಲಿ ನಾಲ್ಕು ತಿಂಗಳ ಕೈಖರ್ಚನ್ನೂ ಬರೆದುಕೊಳ್ಳಿ. ಅಷ್ಟು ಹೊಂದಿಸಲು ಆಗದಿದ್ದರೆ ಈಗಿರುವ ಕೆಲಸ ಬಿಡಬೇಡಿ: ಜೆಆರ್‌ಎಫ್ ಪತ್ರಕ್ಕೆ ಮೂರು ವರ್ಷದ ಅವಧಿ ಇದೆ.