ಲಕ್ಷ್ಮಣತೀರ್ಥ ಹೊಳೆಯೂ ನಮ್ಮ ಹೂಮಳೆಯ ಲೆಕ್ಕವೂ

ಬ್ರಹ್ಮಗಿರಿ ಬೆಟ್ಟಸಾಲಿನ ಮೇಲೆ ಬಿದ್ದ ಮಳೆಗೆ ಮೂರು ದಾರಿಗಳಿವೆ. ಪಶ್ಚಿಮಕ್ಕೆ ಇಳಿದ ನೀರು ಬಾರಪೊಳೆಯಾಗಿ ಕೇರಳದ ವಳಪಟ್ಟಣಂ ನದಿಯನ್ನು ಕೂಡಿ ಅರಬ್ಬೀ ಸಮುದ್ರ ಸೇರುತ್ತದೆ. ದಕ್ಷಿಣಕ್ಕೆ ಇಳಿದದ್ದು ತಿರುನೆಲ್ಲಿಯ ಪಾಪನಾಶಿನಿಯ ಮೂಲಕ ಕಬಿನಿಗೆ ಹೋಗುತ್ತದೆ. ನಮ್ಮ ಕಡೆಗೆ ಇಳಿದದ್ದು ಇರ್ಪುವಿನಲ್ಲಿ ಸುಮಾರು 170 ಅಡಿ ಧುಮುಕಿ ಲಕ್ಷ್ಮಣತೀರ್ಥವೆನಿಸಿಕೊಳ್ಳುತ್ತದೆ.

ಸೀತೆಯನ್ನರಸುತ್ತ ಬಂದ ಅಣ್ಣನ ಬಾಯಾರಿಕೆ ತಣಿಸಲು ಲಕ್ಷ್ಮಣನು ಬೆಟ್ಟಕ್ಕೆ ಬಾಣ ಬಿಟ್ಟಾಗ ಚಿಮ್ಮಿದ ನೀರೇ ಈ ಹೊಳೆ ಎಂದು ಹಿರಿಯರು ಹೇಳುತ್ತಾರೆ. ಶಿವರಾತ್ರಿಯಂದು ಇರ್ಪುವಿನ ರಾಮೇಶ್ವರನ ಸನ್ನಿಧಿಗೆ ಬಂದವರು ಇಲ್ಲಿ ಮೀಯುತ್ತಾರೆ. ಮುಂದೆ ಹೊಳೆಯು ಕಾನೂರು, ಬಾಳೆಲೆ, ನಿಟ್ಟೂರುಗಳ ಗದ್ದೆ ತೋಟಗಳ ನಡುವೆ ಹರಿದು, ಹನಗೋಡಿನ ಅಣೆಕಟ್ಟೆಯಲ್ಲಿ ಕಾಲುವೆಗೆ ನೀರು ಕೊಟ್ಟು, ಹುಣಸೂರು ಪೇಟೆಯನ್ನು ದಾಟಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ.

ಕಕ್ಕಡ ಮಾಸದಲ್ಲಿ ಸೇತುವೆಯ ಮೇಲೆ ಹರಿಯುವ ಈ ಹೊಳೆ ಮಾರ್ಚ್ ತಿಂಗಳಲ್ಲಿ ಬಂಡೆಗಳ ಸಂದಿಯಲ್ಲಿ ಹುಡುಕಬೇಕಾದಷ್ಟು ಸಣ್ಣದಾಗುತ್ತದೆ. 2023ರ ಮುಂಗಾರು ಕೈಕೊಟ್ಟ ಮೇಲೆ ಬಂದ 2024ರ ಬೇಸಿಗೆಯನ್ನು ಯಾರೂ ಮರೆತಿಲ್ಲ. ಮಳೆ ಕಡಿಮೆಯಾದದ್ದು ಒಂದು ಕಾರಣ. ಉಳಿದ ಕಾರಣಗಳಲ್ಲಿ ನಮ್ಮ ಪಾಲೂ ಇದೆ. ಅದನ್ನು ಲೆಕ್ಕ ಹಾಕಿ ನೋಡುವುದೇ ಈ ಲೇಖನದ ಉದ್ದೇಶ.

ರೊಬಸ್ಟಾ ಗಿಡದ ಮೊಗ್ಗು ಒಣಹವೆಯಲ್ಲಿ ನಿದ್ದೆಯಲ್ಲಿರುತ್ತದೆ. ಒಂದರಿಂದ ಒಂದೂವರೆ ಇಂಚು ನೀರು ಬಿದ್ದರೆ ಸುಮಾರು ಒಂದು ವಾರದಲ್ಲಿ ಅರಳುತ್ತದೆ. ಹದಿನೈದಿಪ್ಪತ್ತು ದಿನಗಳಲ್ಲಿ ಮತ್ತೊಮ್ಮೆ ನೀರು ಸಿಕ್ಕದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಇಲ್ಲದೆ ಫಸಲಿಲ್ಲ ಎಂಬುದು ನಮಗೆಲ್ಲ ತಿಳಿದದ್ದೇ.

ಆದರೆ ಇಂಚು ಎಂದರೆ ಎಷ್ಟು ನೀರು? ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು 1,02,800 ಲೀಟರ್. ಒಂದೂವರೆ ಇಂಚಿನಂತೆ ಹತ್ತು ಎಕರೆಗೆ 15 ಲಕ್ಷ 42 ಸಾವಿರ ಲೀಟರ್. ತಲೆಗೆ ದಿನಕ್ಕೆ 55 ಲೀಟರ್‌ನಂತೆ ಹಿಡಿದರೆ, ಇದು ಸಾವಿರ ಜನರ ಹಳ್ಳಿಗೆ 28 ದಿನದ ನೀರು. ಹತ್ತು ಎಕರೆಯ ಒಬ್ಬ ಬೆಳೆಗಾರ ಮೊದಲ ಸುತ್ತಿಗೆ ಎತ್ತುವುದು ಇಷ್ಟು. ಹೊಳೆಯುದ್ದಕ್ಕೂ ಎಲ್ಲರ ಪಂಪ್‌ಸೆಟ್ ಓಡುವುದು ಶಿವರಾತ್ರಿಯ ಆಸುಪಾಸಿನ ಅದೇ ಕೆಲವು ವಾರಗಳಲ್ಲಿ. ಮರಳುಚೀಲದ ಕಟ್ಟೆ ಹಾಕಿ ಗುಂಡಿಯ ನೀರನ್ನೆಲ್ಲ ಎತ್ತಿ, ಕೆಳಗಿನವರ ಮೋಟಾರು ಗಾಳಿ ಎಳೆಯುವಂತೆ ಮಾಡಿದ್ದು ನಾವೂ ಉಂಟು. ಮರುವರ್ಷ ಮೇಲಿನವರು ಅದನ್ನೇ ಮಾಡಿದಾಗ ನಮಗೆ ಬುದ್ಧಿ ಬಂದಿತು.

ಎರಡನೆಯದು ಗದ್ದೆಯ ವಿಷಯ. ಭತ್ತದ ಗದ್ದೆ ಮಳೆಗಾಲದ ಉದ್ದಕ್ಕೂ ನೀರನ್ನು ಬದುವಿನೊಳಗೆ ನಿಲ್ಲಿಸಿ ನೆಲಕ್ಕೆ ಇಂಗಿಸುತ್ತದೆ. ಅಡಿಕೆಯ ಬೇರಿಗೆ ನಿಂತ ನೀರು ಆಗದು. ಆದ್ದರಿಂದ ಗದ್ದೆಯನ್ನು ಅಡಿಕೆ ತೋಟ ಮಾಡಿದವರು ಮೊದಲು ತೋಡುವುದು ಬಸಿಗಾಲುವೆಯನ್ನು. ಜುಲೈನ ನೀರು ಜುಲೈನಲ್ಲೇ ಹೊಳೆಗೆ ಹೋಗಿಬಿಡುತ್ತದೆ. ಭತ್ತದಲ್ಲಿ ಆಳಿನ ಖರ್ಚು ಹುಟ್ಟದೆ ಅಡಿಕೆ ಹಾಕಿದವರನ್ನು ದೂರುವಂತಿಲ್ಲ. ಆದರೆ ಇಂಗುವ ಜಾಗ ಕಡಿಮೆಯಾದರೆ ಮಳೆಗಾಲದ ನೆರೆಯೂ ಬೇಸಿಗೆಯ ಬರವೂ ಎರಡೂ ಹೆಚ್ಚುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಮೂರನೆಯದು ಪಲ್ಪರ್ ನೀರು. ಹಣ್ಣಿನ ಲೋಳೆ ಹುಳಿತು ಹೊಳೆ ಸೇರಿದರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ತಿಂದುಹಾಕುತ್ತದೆ, ಮೀನು ಸಾಯುತ್ತದೆ. ಹೊಳೆ ಬಡಕಲಾಗುತ್ತ ಬರುವ ಕಾಲದಲ್ಲೇ ನಮ್ಮ ಪಲ್ಪಿಂಗ್ ನಡೆಯುವುದರಿಂದ ಕೇಡು ಇಮ್ಮಡಿ. ಸುಣ್ಣ ಹಾಕಿ ಹುಳಿ ಕಳೆದು, ಹೊಂಡಗಳಲ್ಲಿ ನಿಲ್ಲಿಸಿ ಶುದ್ಧಿ ಮಾಡದೆ ಈ ನೀರನ್ನು ಹೊರಗೆ ಬಿಡಲೇಬಾರದು.

ಇನ್ನು ಪರಿಹಾರ. 100 ಅಡಿ ಉದ್ದ, 55 ಅಡಿ ಅಗಲ, 10 ಅಡಿ ಆಳದ ಕೆರೆಯಲ್ಲಿ ಸುಮಾರು 15 ಲಕ್ಷ 57 ಸಾವಿರ ಲೀಟರ್ ನಿಲ್ಲುತ್ತದೆ. ಅಂದರೆ ಹತ್ತು ಎಕರೆಯ ಮೊದಲ ಸುತ್ತು ಅದರಲ್ಲೇ ಮುಗಿಯುತ್ತದೆ. ದಡ ಇಳಿಜಾರಾಗಿದ್ದರೆ, ಬಿಸಿಲಿಗೆ ಆರುವುದನ್ನೂ ಹಿಡಿದರೆ, ಸ್ವಲ್ಪ ದೊಡ್ಡದೇ ಬೇಕು. ತೋಟದ ತಗ್ಗಿನಲ್ಲಿ ಇಂಥದೊಂದು ಕೆರೆ ತೋಡಿ ಮಳೆಗಾಲದಲ್ಲೇ ತುಂಬಿಸಿಕೊಂಡವರು ಫೆಬ್ರವರಿಯಲ್ಲಿ ಹೊಳೆಯ ಕಡೆಗೆ ನೋಡಬೇಕಾಗಿಲ್ಲ. ಕಾಫಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ ತೊಟ್ಟಿಲುಗುಂಡಿ ತೆಗೆಯುವುದೂ, ಕಾಡುಮರಗಳ ನೆರಳನ್ನು ಉಳಿಸುವುದೂ ನೀರಿಂಗಿಸುವ ಕೆಲಸಗಳೇ.

ಎಲ್ಲರಿಗೂ ಕೆರೆಗೆ ಜಾಗವಿರದು. ಅಂಥವರಿಗೆ ಇರುವುದು ಸರದಿಯೊಂದೇ. ಒಂದೇ ಗುಂಡಿಯಿಂದ ನೀರೆತ್ತುವ ಸದಸ್ಯರು ಹುತ್ತರಿ ಮುಗಿದೊಡನೆ ಒಟ್ಟಿಗೆ ಕುಳಿತು ವಾರದ ದಿನಗಳನ್ನು ಹಂಚಿಕೊಳ್ಳಲಿ. ವಾರಕ್ಕೊಂದು ದಿನ ಯಾರೂ ಎತ್ತದಿರಲಿ. ಆ ದಿನದ ನೀರು ಕೆಳಗಿನವರದು, ದನಕರುಗಳದು, ಮೀನಿನದು. ಬೆಟ್ಟದಿಂದ ಇಳಿದ ಹೊಳೆಗೆ ಮೊದಲು ಸಿಕ್ಕುವವರು ನಾವು. ಆ ಕಾರಣಕ್ಕೇ ಮೊದಲು ಕೈ ತಡೆಯಬೇಕಾದವರೂ ನಾವೇ.