ಮೂವತ್ತೆರಡು ಅಕ್ಷರಗಳ ವಿಳಾಸ

ಗೃಹಸ್ಥನಿಗೆ ಮನೆಯೆಷ್ಟು ಮುಖ್ಯವೋ ಮನೆಯ ವಿಳಾಸವೂ ಅಷ್ಟೇ ಮುಖ್ಯವಾದುದು. ವಿಳಾಸವಿಲ್ಲದವನಿಗೆ ಕಾಗದವೂ ಬಾರದು, ನೆಂಟನೂ ಬಾರನು. ಈ ಮಾತು ಇಂದು ಮನೆಮನೆಯನ್ನೂ ಹೊಕ್ಕಿರುವ ಇಂಟರ್‌ನೆಟ್ಟಿಗೂ ಸಲ್ಲತಕ್ಕುದೆಂಬುದನ್ನು ನಾವು ಈಚೆಗೆ ಸ್ವಾನುಭವದಿಂದಲೇ ಅರಿತೆವು.

ಒಂದು ಪ್ರಾತಃಕಾಲ ನಾವು ಪುಸ್ತಕಭಂಡಾರವೊಂದರ ಪುಟವನ್ನು ತೆರೆಯಲು ಹೋದಾಗ, ನಮ್ಮ ವಿಳಾಸದಿಂದ ಮಿತಿಮೀರಿ ಕೋರಿಕೆಗಳು ಬಂದಿರುವುದರಿಂದ ಪ್ರವೇಶವಿಲ್ಲವೆಂಬ ಉತ್ತರವು ಬಂದಿತು. ನಾವಾದರೋ ಅಂದು ಕೋರಿದ್ದು ಅದೊಂದೇ ಪುಟವನ್ನು. ಮಾಡದ ತಪ್ಪಿಗೆ ದಂಡವೇಕೆಂದು ನಮ್ಮ ಅಳಿಯಂದಿರನ್ನು ಕೇಳಲು ಅವರು ನಕ್ಕು, “ಮಾವ, ತಪ್ಪು ನಿಮ್ಮದಲ್ಲ. ಆ ವಿಳಾಸ ನಿಮಗೊಬ್ಬರಿಗೇ ಸೇರಿದ್ದಲ್ಲ. ನೂರಾರು ಮನೆಗಳಿಗೆ ಅದೊಂದೇ,” ಎಂದರು. ವಿಳಾಸಗಳಿಗೆ ಇಂಥ ಬಡತನವು ಹೇಗೆ ಬಂದಿತೆಂಬುದನ್ನು ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶವು.

ಛಂದಸ್ಸನ್ನು ಬಲ್ಲವರಿಗೆ ಈ ಲೆಕ್ಕವು ಸುಲಭವಾದುದು. ಅನುಷ್ಟುಪ್ ಶ್ಲೋಕಕ್ಕೆ ನಾಲ್ಕು ಪಾದಗಳು. ಪಾದಕ್ಕೆ ಎಂಟು ಅಕ್ಷರಗಳು. ಅಕ್ಷರವೊಂದು ಲಘುವಾಗಿರಬೇಕು, ಇಲ್ಲವೇ ಗುರುವಾಗಿರಬೇಕು. ಎಂಟಕ್ಷರದ ಪಾದಕ್ಕೆ ಪಿಂಗಲನ ರೀತಿಯಲ್ಲಿ ಪ್ರಸ್ತಾರ ಹಾಕಿದರೆ 256 ಭೇದಗಳು ದೊರೆಯುವುವು. ಇಂಟರ್‌ನೆಟ್ಟಿನ ಹಳೆಯ ವಿಳಾಸವೂ ಇಂಥದೇ. ಅದಕ್ಕೂ ನಾಲ್ಕು ಪಾದಗಳು, ಒಂದೊಂದರಲ್ಲಿಯೂ ಎಂಟು ಸ್ಥಾನಗಳು. ಲಘು ಗುರುಗಳಿಗೆ ಬದಲಾಗಿ ಸೊನ್ನೆ ಮತ್ತು ಒಂದು. ಆದುದರಿಂದಲೇ ಅದರ ಪ್ರತಿ ಪಾದವನ್ನೂ 0ಯಿಂದ 255ರ ವರೆಗಿನ ಒಂದು ಸಂಖ್ಯೆಯಾಗಿ ಬರೆಯುವರು. ನಾಲ್ಕು ಪಾದಗಳೂ ಸೇರಿ ಉಂಟಾಗುವ ವಿಳಾಸಗಳು 4,29,49,67,296. ಇದಕ್ಕಿಂತ ಒಂದೂ ಹೆಚ್ಚಿಲ್ಲ.

ಈ 32 ಸ್ಥಾನಗಳನ್ನು 1977ರಲ್ಲಿ ನಿಶ್ಚಯಿಸಿದವರು ಅಮೆರಿಕೆಯ ವಿಂಟ್ ಸರ್ಫ್ ಎಂಬ ವಿದ್ವಾಂಸರು. ಅಂದು ಲೋಕದ ಜನಸಂಖ್ಯೆಯೇ ಸುಮಾರು 420 ಕೋಟಿ. ಕೈಗೊಂಡಿದ್ದುದೋ ಒಂದು ಪ್ರಯೋಗ. ಅದಕ್ಕೆ ಇಷ್ಟು ಸಾಲದೆಂದು ಯಾರು ತಾನೆ ಹೇಳಿಯಾರು? 1981ರ ಸೆಪ್ಟೆಂಬರಿನಲ್ಲಿ ಈ ನಿಯಮವು ಪ್ರಕಟವಾಯಿತು. 1983ರ ಜನವರಿ 1ರಂದು ಅಮೆರಿಕೆಯ ಅರ್ಪಾನೆಟ್ ಜಾಲವು ಇದನ್ನು ಅಂಗೀಕರಿಸಿತು. ಪ್ರಯೋಗವೇ ಲೋಕವ್ಯವಹಾರವಾಗಿ ಬೆಳೆದುಬಿಟ್ಟಿತು. 2011ರ ಫೆಬ್ರವರಿ 3ರಂದು ವಿಳಾಸಗಳ ಮೂಲಭಂಡಾರವು ಬರಿದಾಯಿತು. ಅದೇ ಏಪ್ರಿಲಿನಲ್ಲಿ, ನಮ್ಮ ದೇಶಕ್ಕೂ ವಿಳಾಸಗಳನ್ನು ಹಂಚುವ ಏಷ್ಯಾ ಪೆಸಿಫಿಕ್ ಭಂಡಾರವು ತನ್ನ ಕಡೆಯ ಪಾಲಿಗೆ ಕೈಯಿಟ್ಟಿತು. ಮೊದಲು ಬಂದವರು ಧಾರಾಳವಾಗಿ ಬಡಿಸಿಕೊಂಡಿದ್ದರು; ಕಡೆಯ ಪಂಕ್ತಿಯವರಿಗೆ ತಳದ ಅಗುಳು ಉಳಿಯಿತು.

ವಿದ್ವಾಂಸರು ಈ ವಿಪತ್ತನ್ನು ಮುಂದಾಗಿಯೇ ಕಂಡಿದ್ದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಐಇಟಿಎಫ್ ಎಂಬ ಸಭೆಯು 1986ರಿಂದ ಇಂಥ ನಿಯಮಗಳನ್ನು ರಚಿಸುತ್ತಿರುವುದು. ಅದಕ್ಕೆ ಸದಸ್ಯತ್ವದ ಪಟ್ಟಿಯಿಲ್ಲ. ಬಲ್ಲವರು ಯಾರು ಬೇಕಾದರೂ ಸೇರಿ ವಾದಿಸಬಹುದು. ಮತಗಣನೆಯಿಂದ ಅಲ್ಲಿ ಏನೂ ತೀರ್ಮಾನವಾಗುವುದಿಲ್ಲ. ಸಭಿಕರು ಬಾಯಿ ಮುಚ್ಚಿ ‘ಹೂಂ’ಗುಟ್ಟುವ ಧ್ವನಿಯಿಂದ ಸಭೆಯ ಒಲವನ್ನು ಅರಿಯುವ ವಾಡಿಕೆಯೂ ಉಂಟು. ಅಲ್ಲಿಯ ನಿಯಮಪತ್ರಗಳಿಗೆ ‘ಅಭಿಪ್ರಾಯಗಳನ್ನು ಕೋರಿದೆ’ ಎಂಬರ್ಥದ ಹೆಸರು. ಆಜ್ಞೆಯೆನ್ನದೆ ಕೋರಿಕೆಯೆನ್ನುವ ಈ ವಿನಯವು ನಮಗೆ ಬಹಳ ಮೆಚ್ಚಿಗೆಯಾಯಿತು.

ಆ ಸಭೆಯು 1995ರ ಡಿಸೆಂಬರಿನಲ್ಲಿ ಆರನೆಯ ಆವೃತ್ತಿಯೆಂಬ ಹೊಸ ಕ್ರಮವನ್ನು ಪ್ರಕಟಿಸಿತು. ಇದರ ವಿಳಾಸಕ್ಕೆ 128 ಸ್ಥಾನಗಳು, ಎಂದರೆ ನಾಲ್ಕು ಅನುಷ್ಟುಪ್ ಶ್ಲೋಕಗಳಷ್ಟು. ಒಟ್ಟು ವಿಳಾಸಗಳೆಷ್ಟೆಂಬುದನ್ನು ಬರೆಯಲು 39 ಅಂಕೆಗಳು ಬೇಕು. ಹೀಗಿದ್ದರೂ ಇದು ಪೂರ್ಣಪ್ರಮಾಣವೆಂಬ ಪದವಿಯನ್ನು ಪಡೆದುದು 2017ರ ಜುಲೈ ತಿಂಗಳಿನಲ್ಲಿ. ಇಷ್ಟು ವಿಳಂಬವೇಕೆ? ಹಳೆಯ ಲಕೋಟೆಯಲ್ಲಿ 32 ಸ್ಥಾನಗಳಿಗಲ್ಲದೆ ಎಡೆಯಿಲ್ಲ. ಆದಕಾರಣ ಹಳೆಯ ಭಾಷೆಯೊಂದನ್ನೇ ಬಲ್ಲ ಯಂತ್ರವು ಹೊಸದನ್ನೇ ಬಲ್ಲ ಯಂತ್ರದೊಡನೆ ನೇರವಾಗಿ ಮಾತನಾಡಲಾರದು. ಎರಡನ್ನೂ ಬಹುಕಾಲ ನಡೆಸಬೇಕಾಗಿ ಬಂದಿತು. ಅಷ್ಟರಲ್ಲಿ ಹಲವು ಯಂತ್ರಗಳನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುವ ಉಪಾಯವು ಬಳಕೆಗೆ ಬಂದುದರಿಂದ, ಅನೇಕರು ಅದರಲ್ಲಿಯೇ ತೃಪ್ತರಾದರು. ಆ ತೃಪ್ತಿಯ ಫಲವನ್ನೇ ನಾವು ಅಂದು ಬೆಳಗ್ಗೆ ಉಂಡುದು.

ಸಂತೋಷದ ಸಂಗತಿಯೆಂದರೆ, ತಳದ ಅಗುಳನ್ನು ಉಂಡ ನಮ್ಮ ದೇಶವೇ ಇಂದು ಹೊಸ ಕ್ರಮದಲ್ಲಿ ಮುಂದಿದೆ. ಭಾರತದ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದು ದೊರೆಯುತ್ತಿರುವುದು. ಗೃಹಸ್ಥರು ಮನೆಗೆ ಹೊಸ ರೌಟರನ್ನು ಕೊಳ್ಳುವಾಗ ಅದು ಆರನೆಯ ಆವೃತ್ತಿಯನ್ನು ಬಲ್ಲುದೇ ಎಂದೂ, ಸಂಪರ್ಕ ಕೊಡುವವರು ಅದನ್ನು ಒದಗಿಸುವರೇ ಎಂದೂ ಒಂದು ಮಾತು ಕೇಳಿಕೊಳ್ಳುವುದು ಒಳಿತು.

ಶಾಲೆಯ ದಾಖಲಾತಿ ಪುಸ್ತಕಕ್ಕೆ ನಾವು ವರ್ಷವರ್ಷವೂ ಗೆರೆ ಹಾಕುತ್ತಿದ್ದೆವು. ಇದ್ದ ಮಕ್ಕಳನ್ನು ಮಾತ್ರ ಎಣಿಸಿ ಗೆರೆ ಹಾಕಿದ ವರ್ಷ, ತಡವಾಗಿ ಬಂದ ಮಗುವಿನ ಹೆಸರು ಅಂಚಿಗೆ ಹೋಗುತ್ತಿತ್ತು. ಪುಟವನ್ನು ಸಿದ್ಧಪಡಿಸುವವರು ಇನ್ನೂ ಬಾರದವರನ್ನೂ ನೆನೆಯತಕ್ಕದ್ದು.