ಬೆಂಕಿಗೆ ಬಿರಿವ ಬಂಡೆ, ಬಾನಿನಲ್ಲಿ ಬಾಳುವ ಲೋಹ

ದಪ್ಪ ಗಾಜಿನ ಲೋಟಕ್ಕೆ ಕುದಿಯುವ ಕಾಫಿಯನ್ನು ಸುರಿದೊಡನೆ ಅದು ಚಟ್ಟೆಂದು ಸೀಳುವುದನ್ನು ಕಾಣದ ಗೃಹಿಣಿಯರು ವಿರಳ. ತೆಳುವಾದ ಲೋಟವಾದರೋ ಅದೇ ಕಾಫಿಯನ್ನು ಸಹಿಸಿಕೊಳ್ಳುತ್ತದೆ. ಗಟ್ಟಿಯಾದುದು ಒಡೆದು ನಾಜೂಕಾದುದು ಉಳಿಯುವ ಈ ವೈಚಿತ್ರ್ಯಕ್ಕೆ ಕಾರಣವೇನು? ಕಾದ ವಸ್ತು ಹಿಗ್ಗುತ್ತದೆ. ಆದರೆ ಗಾಜು ಶಾಖವನ್ನು ಬೇಗನೆ ಸಾಗಿಸಲಾರದು. ದಪ್ಪ ಲೋಟದ ಒಳಮೈ ಹಿಗ್ಗಲು ಹವಣಿಸುವಾಗ ಹೊರಮೈ ಇನ್ನೂ ತಣ್ಣಗಿರುತ್ತದೆ. ಈ ಎಳೆದಾಟದಲ್ಲಿ ಹೊರಮೈ ಬಿರಿಯುತ್ತದೆ. ಹೆಚ್ಚು ಹಿಗ್ಗದ ಶುದ್ಧ ಸಿಲಿಕಾ ಗಾಜನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೂ ಅದು ಒಡೆಯದು.

ಮನುಷ್ಯ ಈ ಬಿರುಕನ್ನೇ ದುಡಿಸಿಕೊಂಡದ್ದೂ ಉಂಟು. ಬೆಂಗಳೂರಿನ ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಹೂಡುತ್ತಿದ್ದರು. ಕಾದ ಮೇಲ್ಪದರ ಹಿಗ್ಗಿ, ತಣ್ಣಗಿನ ಅಡಿಬಂಡೆಯಿಂದ ಬಿಟ್ಟುಕೊಳ್ಳುತ್ತಿತ್ತು. ಸುತ್ತಿಗೆಯಿಂದ ತಟ್ಟಿ, ಸದ್ದಿನಿಂದಲೇ ಅದನ್ನು ತಿಳಿದು, ಬೆಂಕಿಯನ್ನು ಕೆಲವು ಅಂಗುಲ ಮುಂದೆ ತಳ್ಳುತ್ತಿದ್ದರು. 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾರ್ತ್ ಎಂಬ ವಿದ್ವಾಂಸರು ಬರೆದಂತೆ, ಹೀಗೆ ಎಬ್ಬಿಸಿದ ಒಂದು ಚಪ್ಪಡಿಯ ವಿಸ್ತಾರ 740 ಚದರಡಿ. ದಪ್ಪ ಸುಮಾರು 5 ಅಂಗುಲ!

ಅದೇ ಬೆಂಗಳೂರಿನ ಹೊರಮೇರೆಯ ಪೀಣ್ಯದಲ್ಲಿ ಈ ಶಕ್ತಿ ವೈರಿಯಾಗಿ ಎದುರಾಯಿತು. ಅಲ್ಲಿನ ಕೈಗಾರಿಕಾ ಷೆಡ್ಡುಗಳಲ್ಲಿ ಪ್ರೊ. ಯು. ಆರ್. ರಾವ್ ಅವರ ನೇತೃತ್ವದ ತಂಡ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ವನ್ನು ಕಟ್ಟಿತು. 360 ಕಿಲೋಗ್ರಾಂ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟನ್ನೇರಿ ಬಾನಿಗೆ ಹಾರಿತು. ಭೂಮಿಯನ್ನು ಅದು ಸುಮಾರು 96 ನಿಮಿಷಗಳಿಗೊಮ್ಮೆ ಸುತ್ತುತ್ತಿತ್ತು. ಅಂತಹ ಕಕ್ಷೆಯಲ್ಲಿ ಒಂದೇ ದಿನಕ್ಕೆ ಹದಿನೈದು ಹಗಲು, ಹದಿನೈದು ಇರುಳು! ಸುಡುಬಿಸಿಲಿನಿಂದ ಕಡುನೆರಳಿಗೆ ಜಾರಿದಾಗಲೆಲ್ಲ ಲೋಹ, ಸೌರಕೋಶ, ಬೆಸುಗೆಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಒಂದು ಸಲಕ್ಕೆ ಏನೂ ಆಗದು. ಆದರೆ ತಂತಿಯನ್ನು ಅತ್ತಿತ್ತ ಬಾಗಿಸುತ್ತಲೇ ಇದ್ದರೆ ಅದು ತುಂಡಾಗುವಂತೆ, ಸಾವಿರಾರು ಸಲದ ದಣಿವಿನಲ್ಲಿ ಕೂದಲೆಳೆಯಷ್ಟು ಬಿರುಕೂ ಬೆಳೆಯುತ್ತದೆ.

ಕೆಟ್ಟುದನ್ನು ಅಲ್ಲಿಗೆ ಹೋಗಿ ಸರಿಪಡಿಸುವವರಾರು? ವಿದ್ಯುತ್ ಪೂರೈಕೆ ಕೆಟ್ಟು ಆರ್ಯಭಟದ ವೈಜ್ಞಾನಿಕ ಪ್ರಯೋಗಗಳು ನಾಲ್ಕೇ ದಿನಗಳಲ್ಲಿ ನಿಂತುಹೋದಾಗ, ಅದನ್ನು ಕಟ್ಟಿದ ಕೈಗಳಾವುವೂ ಅಲ್ಲಿಗೆ ಚಾಚುವಂತಿರಲಿಲ್ಲ. ಆದುದರಿಂದಲೇ ಉಪಗ್ರಹಗಳನ್ನು ಹಾರಿಸುವ ಮುನ್ನ ಗಾಳಿ ತೆಗೆದ ಕೋಣೆಯಲ್ಲಿಟ್ಟು, ಮತ್ತೆ ಮತ್ತೆ ಕಾಯಿಸಿ ತಣಿಸಿ ಪರೀಕ್ಷಿಸುತ್ತಾರೆ. ಬಿರಿಯುವುದಿದ್ದರೆ ನೆಲದ ಮೇಲೆಯೇ ಬಿರಿಯಲಿ ಎಂಬುದು ಅದರ ಉದ್ದೇಶ.